ಐದನೆಯ ಗುಬ್ಬಿ

ಮತ್ತಾಯನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಎರಡು ಗುಬ್ಬಿಗಳ ಬೆಲೆ ಒಂದು ಕಾಸು. ಲೂಕನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿ ಎರಡು ಕಾಸಿಗೆ ಐದು. ಲೆಕ್ಕದಂತೆ ಎರಡು ಕಾಸಿಗೆ ನಾಲ್ಕೇ ಬರಬೇಕು, ಐದನೆಯದು ಕೊಸರು. ಸೊಪ್ಪು ಮಾರುವವಳು ಕೊನೆಗೊಂದು ಹಿಡಿ ಹೆಚ್ಚಿಗೆ ಹಾಕುವಂತೆ, ಬೆಲೆಯಿಲ್ಲದೆಯೇ ಕೊಂಡವನ ಪಾಲಾದ ಹಕ್ಕಿ ಅದು. ಕ್ರಿ. ಶ. 301ರಲ್ಲಿ ರೋಮಿನ ಚಕ್ರವರ್ತಿ ಡಯೊಕ್ಲೇಷಿಯನ್ ಹೊರಡಿಸಿದ ಬೆಲೆಪಟ್ಟಿಯಲ್ಲಿಯೂ ಗುಬ್ಬಿಗೆ ಬಿಡಿ ಬೆಲೆಯಿಲ್ಲ, ಹತ್ತಕ್ಕೆ ಇಷ್ಟೆಂದಿದೆ. ಇಂಥ ಹಕ್ಕಿಗಳಲ್ಲಿ ಒಂದಾದರೂ ದೇವರ ನೆನಪಿನಿಂದ ಜಾರಿಲ್ಲವೆಂದು ಯೇಸುಸ್ವಾಮಿಯು ಬೋಧಿಸಿದನು.

ನೆನಪಿಟ್ಟರೇನು ಬಂತು, ಗುಬ್ಬಿ ಬೀಳುತ್ತದಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜ. ಗುಬ್ಬಿ ಬೀಳುವುದೇ ಇಲ್ಲವೆಂದು ಮತ್ತಾಯನು ಬರೆಯಲಿಲ್ಲ; ತಂದೆಗೆ ಹೊರತಾಗಿ ಬೀಳದೆಂದಷ್ಟೇ ಬರೆದನು. ಹಿಂಸೆಯನ್ನು ಎದುರಿಸಬೇಕಾಗಿದ್ದ ಶಿಷ್ಯರಿಗೆ ಹೇಳಿದ ಮಾತಿದು. ಆಪತ್ತು ಬಾರದೆಂಬ ಆಶ್ವಾಸನೆ ಇದರಲ್ಲಿಲ್ಲ. ಬಿದ್ದವನು ಅನಾಥನಲ್ಲ ಎಂಬ ಭರವಸೆ ಮಾತ್ರ ಇದೆ. ಸುಳ್ಳು ಸಮಾಧಾನ ಹೇಳದ ಈ ಗುಣವೇ ನನಗೆ ಹಿಡಿಸಿದ್ದು.

ಶಿಷ್ಯರ ಬೆಲೆ ಗುಬ್ಬಿಗಳಿಗಿಂತ ಹೆಚ್ಚೆಂಬ ಮಾತೂ ಅಲ್ಲಿಯೇ ಇದೆ. ಅದನ್ನು ಹಿಡಿದುಕೊಂಡು ಗುಬ್ಬಿ ಬರಿಯ ದೃಷ್ಟಾಂತವೆಂದು ತಳ್ಳಿಹಾಕುವವರುಂಟು. ನಾನು ಒಪ್ಪಲಾರೆ. ಗುಬ್ಬಿಯ ಮೇಲೆ ದೇವರಿಗೆ ನಿಜವಾಗಿ ಲಕ್ಷ್ಯವಿಲ್ಲದಿದ್ದರೆ ಆ ವಾದಕ್ಕೆ ಬುಡವೇ ಇಲ್ಲದಂತಾಗುತ್ತದೆ. ಮೋಶೆಯ ಧರ್ಮಶಾಸ್ತ್ರದಲ್ಲಿಯೂ, ಗೂಡು ಕಂಡವನು ಮರಿಗಳೊಡನೆ ತಾಯಿಹಕ್ಕಿಯನ್ನು ಹಿಡಿಯಬಾರದೆಂಬ ವಿಧಿಯುಂಟು.

ಮನುಷ್ಯರ ಲೆಕ್ಕ ಬೇರೆ. 1958ರಲ್ಲಿ ಚೀನ ಸರ್ಕಾರವು ಗುಬ್ಬಿ ಧಾನ್ಯ ತಿನ್ನುತ್ತದೆಂದು ಅದನ್ನು ಪೀಡೆಗಳ ಪಟ್ಟಿಗೆ ಸೇರಿಸಿ ಕೊಲ್ಲಿಸಿತು. ಹುಳುಗಳನ್ನೂ ತಿನ್ನುತ್ತಿದ್ದ ಗುಬ್ಬಿಗಳು ಇಲ್ಲವಾಗಲು ಬೆಳೆಗೆ ಹುಳುಗಳ ಕಾಟ ಹೆಚ್ಚಿತು. 1960ರಲ್ಲಿ ಗುಬ್ಬಿಯ ಹೆಸರನ್ನು ತೆಗೆದು ತಿಗಣೆಯ ಹೆಸರನ್ನು ಬರೆದರು. ಉಪಯೋಗ ತಿಳಿದ ಮೇಲೆ ಗುಬ್ಬಿಗೆ ಜೀವದಾನ! ಇಂದು ನಾವೂ ಪ್ರಾಣಿಗಳ ಪರವಾಗಿ ವಾದಿಸುವಾಗ ಉಪಯೋಗವನ್ನೇ ಮುಂದಿಡುತ್ತೇವೆ. ಅದು ತಪ್ಪಲ್ಲ, ಆದರೆ ಸಾಲದು. ಉಪಯೋಗ ಕಾಣದ ಜೀವಿಯ ಗತಿಯೇನು? ದುಡಿಯಲಾರದ ಮುದುಕನ, ಹಾಸಿಗೆ ಹಿಡಿದ ರೋಗಿಯ ಗತಿಯೇನು? ಕೊಸರಿಗೆ ಬಂದ ಗುಬ್ಬಿಯನ್ನೂ ಮರೆಯದವನಲ್ಲಿ ವಿಶ್ವಾಸವಿಟ್ಟಿದ್ದೇವೆ ಎನ್ನುವ ಕ್ರೈಸ್ತರಾದ ನಾವೇ ಈ ಪ್ರಶ್ನೆಗೆ ಮೊದಲು ನಡತೆಯಿಂದ ಉತ್ತರ ಕೊಡಬೇಕು. ಮಿಕ್ಕವರೂ ಅದನ್ನು ಕೇಳಿಕೊಂಡರೆ ನಷ್ಟವೇನೂ ಇಲ್ಲ.