ಆಜ್ಞೆಯಿಂದ ಬಂದ ಅಹಿಂಸೆ ನಮ್ಮದಲ್ಲ

2023ರ ಸೆಪ್ಟೆಂಬರ್ 14ರಂದು ಸುಪ್ರೀಂ ಕೋರ್ಟು ಲಕ್ಷದ್ವೀಪದ ಶಾಲಾಮಕ್ಕಳ ಮಧ್ಯಾಹ್ನದ ಊಟದಿಂದ ಕೋಳಿ ಮತ್ತಿತರ ಮಾಂಸವನ್ನು ತೆಗೆದುಹಾಕಿದ ಅಲ್ಲಿನ ಆಡಳಿತದ ಕ್ರಮದಲ್ಲಿ ಹಸ್ತಕ್ಷೇಪ ಮಾಡಲು ನಿರಾಕರಿಸಿತು. ಅಹಮದಾಬಾದಿನಲ್ಲಿ ಆ ದಿನಗಳಲ್ಲಿ ಶ್ವೇತಾಂಬರ ಬಂಧುಗಳ ಪರ್ಯೂಷಣ ನಡೆಯುತ್ತಿತ್ತು. ನಮ್ಮ ದಶಲಕ್ಷಣ ಪರ್ವಕ್ಕೆ ಕೆಲವೇ ದಿನಗಳಿದ್ದವು. ಸಂಜೆಯೊಳಗೆ ನಮ್ಮ ಸಮಾಜದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಅಹಿಂಸೆಗೆ ಜಯ’ ಎಂಬ ಸಂದೇಶ ಬಂದಿತು. ಅದರ ಕೆಳಗೆ ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಸೇರಿಕೊಂಡವು. ನಾನು ಓದಿದೆ, ಮನಸ್ಸು ಒಪ್ಪಲಿಲ್ಲ, ಆದರೂ ಏನನ್ನೂ ಬರೆಯದೆ ಫೋನನ್ನು ಬದಿಗಿಟ್ಟೆ. ಆ ಮೌನದ ಪ್ರಾಯಶ್ಚಿತ್ತವಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ತಮ್ಮನ್ನು ಆಳುವವರನ್ನು ಆರಿಸಿಕೊಳ್ಳುವ ಹಕ್ಕಿಲ್ಲದ ಜನರ ಮೇಲೆ ಮೇಲಿನಿಂದ ಇಳಿದ ಆಜ್ಞೆಯನ್ನು ಅಹಿಂಸೆಯ ಜಯವೆಂದು ಜೈನರು ಸಂಭ್ರಮಿಸುವುದು ಧರ್ಮದ ದೃಷ್ಟಿಯಿಂದ ತಪ್ಪು, ಪ್ರಜಾಪ್ರಭುತ್ವದ ದೃಷ್ಟಿಯಿಂದ ತಪ್ಪು. ಈ ದೇಶದ ಅತಿ ಚಿಕ್ಕ ಅಲ್ಪಸಂಖ್ಯಾತ ಸಮುದಾಯಗಳಲ್ಲೊಂದಾದ ನಮ್ಮ ಸ್ವಂತ ಹಿತದ ದೃಷ್ಟಿಯಿಂದಲೂ ತಪ್ಪು.

ಮೊದಲು ಆ ಜನ ಯಾರೆಂಬುದನ್ನು ತಿಳಿಯೋಣ. ಲಕ್ಷದ್ವೀಪವೆಂದರೆ 36 ದ್ವೀಪಗಳು, ಒಟ್ಟು ಸುಮಾರು 32 ಚದರ ಕಿಲೋಮೀಟರ್ ನೆಲ. 2011ರ ಜನಗಣತಿಯಂತೆ ಜನಸಂಖ್ಯೆ 64,473. ಅವರಲ್ಲಿ ನೂರಕ್ಕೆ 96ಕ್ಕಿಂತ ಹೆಚ್ಚು ಮಂದಿ ಮುಸ್ಲಿಮರು, ಬಹುತೇಕ ಎಲ್ಲರೂ ಪರಿಶಿಷ್ಟ ಪಂಗಡದವರು. ಮೂಡುಬಿದಿರೆ, ಕಾರ್ಕಳ, ವೇಣೂರುಗಳಿಂದ ಬಂದು ಇಲ್ಲಿ ನೆಲೆಸಿದ ನಮ್ಮ ಕುಟುಂಬಗಳಿಗೆ ಅದು ಪರದೇಶವೇನಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾತ್, ಬಿತ್ರಾ ಎಂಬ ಅಮಿನಿದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ನಮ್ಮ ಅಜ್ಜಂದಿರ ಜಮೀನಿನ ಕಂದಾಯವನ್ನು ನೋಡಿಕೊಳ್ಳುತ್ತಿದ್ದ ಮಂಗಳೂರಿನ ಕಲೆಕ್ಟರರೇ ಆ ದ್ವೀಪಗಳನ್ನೂ ನೋಡಿಕೊಳ್ಳುತ್ತಿದ್ದರು. 1956ರ ನವೆಂಬರ್ 1ರಂದು ನಾವು ಒಂದು ರಾಜ್ಯದ ಪ್ರಜೆಗಳಾದೆವು. ಅವರು ಕೇಂದ್ರಾಡಳಿತ ಪ್ರದೇಶದ ನಿವಾಸಿಗಳಾದರು. ನಮಗೆ ವಿಧಾನಸಭೆ ದೊರೆಯಿತು, ಅವರಿಗೆ ದೊರೆಯಲಿಲ್ಲ. ಇಂದಿನ ಎಲ್ಲ ವ್ಯತ್ಯಾಸವೂ ಅಲ್ಲಿಂದಲೇ ಆರಂಭವಾಗುತ್ತದೆ.

1957ರಲ್ಲಿ ಲೋಕಸಭೆಗೆ ಅವರ ಪ್ರತಿನಿಧಿಯನ್ನು ರಾಷ್ಟ್ರಪತಿಗಳೇ ನಾಮಕರಣ ಮಾಡಿದರು. ಆ ದ್ವೀಪಪ್ರದೇಶ ತನ್ನ ಸಂಸದರನ್ನು ನೇರ ಮತದಾನದಿಂದ ಆರಿಸಿದ್ದು 1967ರಲ್ಲಿ. ಅಂದಿನಿಂದ ಪಿ. ಎಂ. ಸಯೀದ್ ಸತತವಾಗಿ ಹತ್ತು ಬಾರಿ ಗೆದ್ದರು, ಲೋಕಸಭೆಯ ಉಪಸಭಾಧ್ಯಕ್ಷರೂ ಆದರು. ಅಂತಹವರನ್ನು 2004ರಲ್ಲಿ ಅದೇ ಜನ ಕೇವಲ 71 ಮತಗಳಿಂದ ಸೋಲಿಸಿದರು. 2019ರಲ್ಲಿ ಮೊಹಮ್ಮದ್ ಫೈಜಲ್ ಗೆದ್ದ ಅಂತರ 823 ಮತ. 2024ರಲ್ಲಿ ಅವರನ್ನು ಸೋಲಿಸಿದ ಹಮ್ದುಲ್ಲಾ ಸಯೀದರ ಅಂತರ 2,647. ಈ ಎರಡೂ ಚುನಾವಣೆಗಳಲ್ಲಿ ನೂರರಲ್ಲಿ ಎಂಬತ್ತಕ್ಕಿಂತ ಹೆಚ್ಚು ಮತದಾರರು ಮತಗಟ್ಟೆಗೆ ಬಂದಿದ್ದರು. ರಾಜಕೀಯ ಅರಿವಿಲ್ಲದ ಜನರೆಂದು ಅವರನ್ನು ಯಾರೂ ಕರೆಯಲಾಗದು.

ಆದರೆ ಇಷ್ಟು ಶ್ರದ್ಧೆಯಿಂದ ಹಾಕಿದ ಮತಕ್ಕೆ ದ್ವೀಪದೊಳಗೆ ಎಷ್ಟು ಬೆಲೆ? ಸಂವಿಧಾನದ 240ನೆಯ ವಿಧಿಯಂತೆ ಲಕ್ಷದ್ವೀಪಕ್ಕೆ ರಾಷ್ಟ್ರಪತಿಗಳು, ಅಂದರೆ ವಾಸ್ತವದಲ್ಲಿ ಕೇಂದ್ರ ಸರ್ಕಾರ, ವಿನಿಯಮಗಳನ್ನು ಮಾಡಬಹುದು. ಅವು ಸಂಸತ್ತಿನ ಕಾಯಿದೆಗೆ ಸಮಾನ. ಸಂಸತ್ತೇ ಮಾಡಿದ ಕಾಯಿದೆಯನ್ನು ಆ ಪ್ರದೇಶದ ಮಟ್ಟಿಗೆ ತಿದ್ದುವ, ರದ್ದುಪಡಿಸುವ ಶಕ್ತಿಯೂ ಅವುಗಳಿಗುಂಟು. ಕರಡನ್ನು ಸಿದ್ಧಪಡಿಸುವುದು ದೆಹಲಿ ನೇಮಿಸಿದ ಆಡಳಿತಾಧಿಕಾರಿಯ ಕಚೇರಿ. ಆಡಳಿತಾಧಿಕಾರಿಯನ್ನು ಪ್ರಶ್ನಿಸುವ ಶಾಸಕನಿಲ್ಲ, ವಿರೋಧಪಕ್ಷವಿಲ್ಲ, ಬಜೆಟ್ಟಿನ ಮೇಲೆ ಸ್ಥಳೀಯ ಮತವಿಲ್ಲ. ಸೌರಾಷ್ಟ್ರದ ತೀರಕ್ಕೆ ಅಂಟಿಕೊಂಡಂತಿರುವ ದೀವ್ ದ್ವೀಪದ ಸ್ಥಿತಿಯೂ ಇದೇ. ಗೋವಾದೊಡನೆ ಇದ್ದಾಗ ಪಣಜಿಯ ವಿಧಾನಸಭೆಯಲ್ಲಿ ದೀವಿಗೆ ಒಂದು ಸ್ಥಾನವಿತ್ತು. 1987ರಲ್ಲಿ ಗೋವಾ ರಾಜ್ಯವಾದಾಗ ಅದೂ ಹೋಯಿತು. ವಾರಾಂತ್ಯಕ್ಕೆ ದೀವಿಗೆ ಹೋಗಿಬರುವ ನಮ್ಮಲ್ಲಿ ಎಷ್ಟು ಮಂದಿ ಈ ಸಂಗತಿಯನ್ನು ಗಮನಿಸಿದ್ದೇವೆ?

2020ರ ಡಿಸೆಂಬರಿನಲ್ಲಿ ಗುಜರಾತಿನ ಮಾಜಿ ಗೃಹ ರಾಜ್ಯಸಚಿವ ಪ್ರಫುಲ್ ಖೋಡಾ ಪಟೇಲರಿಗೆ ಲಕ್ಷದ್ವೀಪದ ಹೊಣೆಯನ್ನು ವಹಿಸಲಾಯಿತು. 2021ರ ಮೊದಲ ತಿಂಗಳುಗಳಲ್ಲಿ ಕರಡುಗಳು ಒಂದರ ಹಿಂದೊಂದು ಬಂದವು: ಗೋಹತ್ಯೆ ನಿಷೇಧ, ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಅಧಿಕಾರ, ಅಭಿವೃದ್ಧಿಗಾಗಿ ಭೂಮಿಯನ್ನು ವಶಪಡಿಸಿಕೊಳ್ಳುವ ಪ್ರಾಧಿಕಾರ, ಎರಡಕ್ಕಿಂತ ಹೆಚ್ಚು ಮಕ್ಕಳಿರುವವರು ಪಂಚಾಯತಿಗೆ ನಿಲ್ಲಬಾರದೆಂಬ ನಿಯಮ. ಅದೇ ವರ್ಷದ ಮೇ ತಿಂಗಳಲ್ಲಿ ಶಿಕ್ಷಣ, ಆರೋಗ್ಯ, ಕೃಷಿ, ಪಶುಸಂಗೋಪನೆ, ಮೀನುಗಾರಿಕೆ ಎಂಬ ಐದು ಇಲಾಖೆಗಳ ಅಧಿಕಾರವನ್ನು ಚುನಾಯಿತ ಜಿಲ್ಲಾ ಪಂಚಾಯತಿಯಿಂದ ಹಿಂದಕ್ಕೆ ಪಡೆಯಲಾಯಿತು. ಮಕ್ಕಳ ಊಟವೂ ಶಿಕ್ಷಣಕ್ಕೆ ಸೇರಿದ ವಿಷಯವೇ. ಆ ಊಟದಲ್ಲಿ ಏನಿರಬೇಕೆಂದು ಹೇಳಬಹುದಾಗಿದ್ದ ಏಕೈಕ ಚುನಾಯಿತ ಸಂಸ್ಥೆಯ ಬಾಯನ್ನೂ ಹೀಗೆ ಮುಚ್ಚಲಾಯಿತು.

ಇಂತಹ ಕಾನೂನುಗಳು ಗುಜರಾತಿನಲ್ಲಿಯೂ ಇವೆಯಲ್ಲ ಎಂದು ನನ್ನ ಮಿತ್ರರು ಕೇಳುತ್ತಾರೆ. ಇವೆ. ಸಮಾಜವಿರೋಧಿ ಚಟುವಟಿಕೆ ತಡೆ ಕಾಯಿದೆ ಇಲ್ಲಿ 1985ರಿಂದ ಇದೆ. ಪಂಚಾಯತಿಗೆ ಇಬ್ಬರು ಮಕ್ಕಳ ನಿಯಮ 2005ರ ತಿದ್ದುಪಡಿಯಿಂದ ಬಂದಿದೆ. ಅವು ಒಳ್ಳೆಯವೋ ಕೆಟ್ಟವೋ ಬೇರೆ ಮಾತು. ಗಾಂಧಿನಗರದ ವಿಧಾನಸಭೆ ಅವನ್ನು ಅಂಗೀಕರಿಸಿತು. ಒಪ್ಪದವನು ಮುಂದಿನ ಚುನಾವಣೆಯಲ್ಲಿ ತನ್ನ ಶಾಸಕನನ್ನು ಮನೆಗೆ ಕಳುಹಿಸಬಹುದು. ಕವರತ್ತಿಯವನು ಯಾರನ್ನು ಮನೆಗೆ ಕಳುಹಿಸಬೇಕು? ಅಗತ್ಯದ ಮಾತಾದರೂ ಎಲ್ಲಿದೆ? ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಲಕ್ಷದ್ವೀಪದ ತಾಯಂದಿರ ಸರಾಸರಿ ಫಲವಂತಿಕೆ 1.4. ಜನಸಂಖ್ಯೆ ಸ್ಥಿರವಾಗಿರಲು ಬೇಕಾದ 2.1ಕ್ಕಿಂತ ಅದು ಎಷ್ಟೋ ಕಡಿಮೆ.

ಈಗ ಅಹಿಂಸೆಯ ಲೆಕ್ಕಕ್ಕೆ ಬರೋಣ. ಲೆಕ್ಕ ನೋಡುವುದು ನನ್ನ ವೃತ್ತಿ. ಊಟದಿಂದ ಕೋಳಿ ಹೋಯಿತು, ಮೀನು ಮತ್ತು ಮೊಟ್ಟೆ ಉಳಿದವು. ನಮ್ಮ ಶಾಸ್ತ್ರದಲ್ಲಿ ಮೀನೂ ಪಂಚೇಂದ್ರಿಯ ಜೀವವೇ. ಒಂದು ಕೋಳಿಯ ಬದಲು ಹಲವು ಮೀನುಗಳು ತಟ್ಟೆಗೆ ಬಂದರೆ ಯಾವ ಜೀವದಯೆ ಸಾಧಿಸಿದಂತಾಯಿತು? ಗೋರಕ್ಷಣೆಯ ಕರಡು ಬಂದ ವರ್ಷದ ಮೇ 21ರಂದೇ ಸರ್ಕಾರಿ ಹೈನುಶಾಲೆಗಳನ್ನು ಮುಚ್ಚಿ, ಅಲ್ಲಿನ ಹೋರಿ, ಕರುಗಳನ್ನು ಹರಾಜು ಹಾಕುವಂತೆ ಪಶುಸಂಗೋಪನಾ ಇಲಾಖೆ ಆದೇಶಿಸಿತು. ಪಾಂಜರಾಪೋಳಗಳಿಗೆ ವರ್ಷವರ್ಷವೂ ದಾನ ಕೊಡುವ ನಾವು ಆ ಹರಾಜಿನ ಬಗ್ಗೆ ಒಂದು ಮಾತನ್ನಾದರೂ ಆಡಿದೆವೆ? ಶ್ರಾವಕನ ಅಷ್ಟಮೂಲಗುಣಗಳಲ್ಲಿ ಮಾಂಸದ ತ್ಯಾಗಕ್ಕೂ ಮೊದಲು ನಾವು ಎಣಿಸುವುದು ಮದ್ಯದ ತ್ಯಾಗವನ್ನು. ಬಂಗಾರಂ ಒಂದನ್ನು ಬಿಟ್ಟರೆ ಮದ್ಯವೇ ಇಲ್ಲದಿದ್ದ ಆ ದ್ವೀಪಗಳಲ್ಲಿ, ಪ್ರವಾಸಿಗರಿಗಾಗಿ ಕವರತ್ತಿ, ಮಿನಿಕಾಯ್, ಕಡಮತ್‌ಗಳಲ್ಲಿಯೂ ಅದನ್ನು ಒದಗಿಸಲು ಅದೇ ಆಡಳಿತ ಅನುಮತಿ ನೀಡಿತು. ಮಾಂಸವನ್ನು ತೆಗೆದದ್ದಕ್ಕೆ ಕೈಮುಗಿದವರು ಮದ್ಯವನ್ನು ತಂದದ್ದಕ್ಕೆ ಸುಮ್ಮನಿದ್ದರು. ಎರಡೂ ಕಲಮುಗಳನ್ನು ಒಟ್ಟಿಗೆ ನೋಡದೆ ಲೆಕ್ಕಕ್ಕೆ ಸಹಿ ಹಾಕಿದ ಲೆಕ್ಕಪರಿಶೋಧಕನನ್ನು ಯಾರು ನಂಬುತ್ತಾರೆ?

ಲೆಕ್ಕಕ್ಕಿಂತ ದೊಡ್ಡದು ಧರ್ಮ. ವ್ರತವೆಂದರೆ ತಾನೇ ಅರಿತು, ತಾನೇ ಕೈಗೊಂಡು, ತಪ್ಪಿದಾಗ ತಾನೇ ಪ್ರಾಯಶ್ಚಿತ್ತ ಮಾಡಿಕೊಳ್ಳುವಂಥದ್ದು. ಮುನಿಗಳು ಕೂಡ ಶ್ರಾವಕನ ಶಕ್ತಿಯನ್ನು ನೋಡಿ ಅಣುವ್ರತವನ್ನು ಕೊಡುತ್ತಾರೆ, ಬಲವಂತ ಮಾಡುವುದಿಲ್ಲ. ಸರ್ಕಾರಿ ಆದೇಶದಿಂದ ಕೋಳಿ ತಿನ್ನದ ಮಗು ವ್ರತಿಯಾಗುವುದಿಲ್ಲ, ಅದರ ಕರ್ಮನಿರ್ಜರೆಯೂ ಆಗುವುದಿಲ್ಲ. ಆ ಮಗುವಿನ ತಾಯಿತಂದೆಯರ ಮನಸ್ಸಿನಲ್ಲಿ ಹುಟ್ಟುವ ನೋವು ಮತ್ತು ಕ್ರೋಧ ಮಾತ್ರ ನಿಜ. ಪ್ರಾಣಹರಣವಾಗದಿದ್ದರೂ ಕಷಾಯದಿಂದ ಹಿಂಸೆಯಾಗುತ್ತದೆಂದು ನಂಬುವವರು ನಾವು. ಮಾಡಿದ್ದು, ಮಾಡಿಸಿದ್ದು, ಮಾಡಿದ್ದನ್ನು ಅನುಮೋದಿಸಿದ್ದು, ಮೂರಕ್ಕೂ ಕರ್ಮಬಂಧವುಂಟೆಂದು ಮಕ್ಕಳಿಗೆ ಪಾಠಶಾಲೆಯಲ್ಲಿ ಕಲಿಸುವವರೂ ನಾವೇ. ಹಾಗಾದರೆ ಆ ಸಂಜೆ ನಮ್ಮ ಗುಂಪಿನಲ್ಲಿ ನಡೆದ ಅನುಮೋದನೆಯನ್ನು ಎಲ್ಲಿ ಬರೆದುಕೊಳ್ಳೋಣ?

ಸುಪ್ರೀಂ ಕೋರ್ಟೇ ಒಪ್ಪಿದೆಯಲ್ಲ ಎಂಬ ಉತ್ತರ ಸಿದ್ಧವಾಗಿದೆ. ಮಕ್ಕಳಿಗೆ ಏನನ್ನು ಬಡಿಸಬೇಕೆಂಬುದು ನೀತಿನಿರ್ಣಯ, ಅದು ನ್ಯಾಯಾಲಯದ ಕೆಲಸವಲ್ಲ ಎಂಬ ನೆಲೆಯಲ್ಲಿ ಕೋರ್ಟು ಹಿಂದೆ ಸರಿಯಿತು. ಆ ಸಂಯಮ ಸರಿಯಾದದ್ದೇ. ಆದರೆ ನೀತಿಯನ್ನು ಸರ್ಕಾರಕ್ಕೆ ಬಿಡುವುದರ ಹಿಂದೆ ಒಂದು ಭರವಸೆಯಿದೆ: ನೀತಿ ತಪ್ಪಾದರೆ ಜನ ಸರ್ಕಾರವನ್ನು ಬದಲಿಸುತ್ತಾರೆ. ಬದಲಿಸಲು ಸರ್ಕಾರವೇ ಇಲ್ಲದ ಕಡೆ ಆ ಭರವಸೆ ನಿಲ್ಲುವುದು ಯಾವುದರ ಮೇಲೆ?

ಇನ್ನು ಕೆಲವರು ಪರ್ಯೂಷಣದಲ್ಲಿ ಅಹಮದಾಬಾದಿನ ಕಸಾಯಿಖಾನೆಗಳನ್ನು ಮುಚ್ಚುವುದನ್ನು ಸುಪ್ರೀಂ ಕೋರ್ಟು 2008ರಲ್ಲಿ ಎತ್ತಿಹಿಡಿದದ್ದನ್ನು ನೆನಪಿಸುತ್ತಾರೆ. ಆ ತೀರ್ಪನ್ನು ನಾನು ಗೌರವಿಸುತ್ತೇನೆ. ಆದರೆ ಅಲ್ಲಿ ನಿರ್ಣಯ ಮಾಡಿದ್ದು ಈ ನಗರದ ಪಾಲಿಕೆ. ಅವಧಿ ಒಂಬತ್ತು ದಿನ. ಕಾರಣ, ದೊಡ್ಡ ಸಂಖ್ಯೆಯಲ್ಲಿ ಇಲ್ಲಿ ಬಾಳುವ ಜೈನರ ಭಾವನೆಗೆ ನೆರೆಹೊರೆಯವರು ತೋರಬಹುದಾದ ಗೌರವ. ನಿರ್ಬಂಧ ಅಲ್ಪಕಾಲದ್ದೆಂಬುದೇ ಆ ತೀರ್ಪಿನ ಮುಖ್ಯ ಆಧಾರಗಳಲ್ಲೊಂದು. ನೆರೆಯವರಿಂದ ಒಂಬತ್ತು ದಿನ ಕೇಳಿ ಪಡೆದ ಸೌಜನ್ಯಕ್ಕೂ, ಸಮುದ್ರದಾಚೆಯ ಮಕ್ಕಳ ತಟ್ಟೆಗೆ ವರ್ಷವಿಡೀ ಹಾಕಿದ ನಿರ್ಬಂಧಕ್ಕೂ ಹೋಲಿಕೆಯಿಲ್ಲ.

ನಮ್ಮದೇ ಅನುಭವವನ್ನು ನೆನೆಯೋಣ. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟು ಸಲ್ಲೇಖನವನ್ನು ಅಪರಾಧವೆಂದಾಗ ದೇಶದಾದ್ಯಂತ ಮೌನ ಮೆರವಣಿಗೆಗಳು ನಡೆದವು. ಚಂದ್ರಗಿರಿಯ ಬಂಡೆಗಳ ಮೇಲೆ ನಿಸಿಧಿಯ ಶಾಸನಗಳನ್ನು ಓದಿ ಬೆಳೆದ ನಾವು, ನಮ್ಮ ಸಾವಿನ ವ್ರತವನ್ನು ಹೊರಗಿನವರು ನಿರ್ಧರಿಸಕೂಡದು ಎಂದೆವು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟು ತಡೆಯಾಜ್ಞೆ ನೀಡಿತು. 2023ರ ಜನವರಿಯಲ್ಲಿ ಸಮ್ಮೇದ ಶಿಖರಜಿಯನ್ನು ಪ್ರವಾಸೀತಾಣ ಮಾಡಬೇಡಿ ಎಂದು ಅಹಮದಾಬಾದು, ಸೂರತ್ತುಗಳಲ್ಲಿ ಬೀದಿಗಿಳಿದೆವು; ಜನವರಿ 5ರಂದು ಕೇಂದ್ರ ಸರ್ಕಾರ ಅಲ್ಲಿನ ಪ್ರವಾಸೋದ್ಯಮ ಚಟುವಟಿಕೆಗಳನ್ನು ತಡೆಹಿಡಿಯಿತು. ನಮ್ಮ ಬೆಟ್ಟವನ್ನು ನಮ್ಮನ್ನು ಕೇಳದೆ ಮುಟ್ಟಬೇಡಿ ಎಂದು ನಾವು ಹೇಳಿದ ಮಾತನ್ನೇ ದ್ವೀಪದವರು ತಮ್ಮ ನೆಲದ ಬಗ್ಗೆ 2021ರಲ್ಲಿ ಹೇಳಿದ್ದರು. ಜೂನ್ 7ರಂದು ಮನೆಮನೆಗಳಲ್ಲಿ ಉಪವಾಸ ಕುಳಿತರು. ಉಪವಾಸದ ಭಾಷೆ ನಮಗಿಂತ ಚೆನ್ನಾಗಿ ಯಾರಿಗೆ ತಿಳಿಯಬೇಕಿತ್ತು? ನಮ್ಮ ಪರವಾಗಿ ಹತ್ತೇ ದಿನದೊಳಗೆ ಓಡಿಬಂದ ದೆಹಲಿ ಅವರ ಕೂಗಿಗೆ ಹಾಗೆ ಓಡಿಬರಲಿಲ್ಲ.

ಭಾರತದಲ್ಲಿ ಜೈನರು ನೂರಕ್ಕೆ ಅರ್ಧದಷ್ಟೂ ಇಲ್ಲ. 2014ರ ಜನವರಿಯಲ್ಲಿ ರಾಷ್ಟ್ರೀಯ ಅಲ್ಪಸಂಖ್ಯಾತರ ಪಟ್ಟಿಗೆ ಸೇರಿದ್ದೇವೆ. ಬಹುಸಂಖ್ಯೆಯ ಬಲದಿಂದಾಗಲಿ, ಆಜ್ಞೆಯ ಬಲದಿಂದಾಗಲಿ ಒಬ್ಬರ ಊಟವನ್ನು ಇನ್ನೊಬ್ಬರು ನಿರ್ಧರಿಸಬಹುದೆಂಬ ತತ್ತ್ವವನ್ನು ಇಂದು ಒಪ್ಪಿದರೆ, ನಾಳೆ ನಮ್ಮ ಮಕ್ಕಳ ತಟ್ಟೆಗೆ ಮೊಟ್ಟೆ ಕಡ್ಡಾಯವೆಂಬ ಆದೇಶ ಬಂದಾಗ ಯಾವ ಬಾಯಿಂದ ಬೇಡವೆನ್ನುತ್ತೇವೆ? ಕಂಪನಿ ಕಾಯಿದೆಯಲ್ಲಿ ಕೂಡ ನೂರು ಮಂದಿ ಚಿಕ್ಕ ಷೇರುದಾರರು ಒಂದಾದರೆ ದಬ್ಬಾಳಿಕೆಯ ವಿರುದ್ಧ ನ್ಯಾಯಮಂಡಳಿಗೆ ಹೋಗಬಹುದು. ಅರವತ್ತು ಸಾವಿರ ಪ್ರಜೆಗಳಿಗೆ, ತಮ್ಮನ್ನು ಆಳುವ ಕಾನೂನಿನ ಮೇಲೆ, ಅಷ್ಟು ಮಾತ್ರದ ಹಿಡಿತವನ್ನೂ ಕೊಡದಿರುವುದು ಯಾವ ನ್ಯಾಯ?

ಕೊನೆಗೆ ನಮ್ಮ ಮತದ ಮಾತು. 2024ರಲ್ಲಿ ಗುಜರಾತಿನ ಮತದಾನ ಸುಮಾರು ಶೇಕಡಾ 60. ಸೂರತ್ತಿನ ಓದುಗರಂತೂ ಮತಯಂತ್ರವನ್ನೇ ಕಾಣಲಿಲ್ಲ. ಒಬ್ಬ ಅಭ್ಯರ್ಥಿಯ ನಾಮಪತ್ರ ತಿರಸ್ಕೃತವಾಗಿ, ಉಳಿದವರು ಹಿಂದೆ ಸರಿದು, ಏಪ್ರಿಲ್ 22ರಂದೇ ಅವಿರೋಧ ಆಯ್ಕೆ ಘೋಷಣೆಯಾಯಿತು. ಹದಿನಾರು ಲಕ್ಷಕ್ಕೂ ಮಿಗಿಲಾದ ಮತದಾರರಿಗೆ ಮತ ಹಾಕುವ ಅವಕಾಶವೇ ದೊರೆಯಲಿಲ್ಲ. ಆ ದಿನ ನಮ್ಮ ಸೂರತ್ತಿನ ಬಂಧುಗಳಿಗೆ ಆದ ಕಸಿವಿಸಿಯನ್ನು ನಾನು ಕೇಳಿದ್ದೇನೆ. ಲೋಕಸಭೆಗೆ ಮತ ಹಾಕಿದ ಮೇಲೂ ದ್ವೀಪದವನಿಗೆ ತನ್ನ ಶಾಲೆ, ನೆಲ, ಆಸ್ಪತ್ರೆಗಳ ವಿಷಯದಲ್ಲಿ ಆ ಕಸಿವಿಸಿ ಪ್ರತಿದಿನದ್ದು.

ಧರ್ಮಬಂಧುಗಳೇ, ನಾನು ಕೇಳುವುದು ಮೂರು ಕೆಲಸ. ನಮ್ಮ ಸಂಘಗಳು ಈ ವಿಷಯದಲ್ಲಿ ಯಾವುದೇ ಅಭಿನಂದನಾ ನಿರ್ಣಯ ಮಾಡಿದ್ದರೆ ಹಿಂದಕ್ಕೆ ಪಡೆಯಲಿ. ಲಕ್ಷದ್ವೀಪಕ್ಕೂ ದೀವ್‌ನಂತಹ ಪ್ರದೇಶಗಳಿಗೂ ಚುನಾಯಿತ ಸಭೆ ಬೇಕೆಂದು, ಅದು ಬರುವವರೆಗೆ ಪಂಚಾಯತಿಗಳ ಅಧಿಕಾರವನ್ನು ಮರಳಿಸಬೇಕೆಂದು, ನಾವು ನಮ್ಮ ನಮ್ಮ ಸಂಸದರಿಗೆ ಪತ್ರ ಬರೆಯೋಣ. ಸಸ್ಯಾಹಾರದಲ್ಲಿ ನಂಬಿಕೆಯಿದ್ದರೆ, ನನಗಂತೂ ಪೂರ್ಣವಾಗಿ ಇದೆ, ಅದನ್ನು ನಮ್ಮ ಬಾಳಿನಿಂದಲೂ ಮಾತಿನಿಂದಲೂ ಪ್ರಸಾರ ಮಾಡೋಣ. ಆಡಳಿತಾಧಿಕಾರಿಯ ಸಹಿಯಿಂದ ಬೇಡ.

ಮುಂದಿನ ದಶಲಕ್ಷಣದ ಉತ್ತಮ ಕ್ಷಮಾ ದಿನ ನಾವು ಎಲ್ಲ ಜೀವರಾಶಿಯ ಕ್ಷಮೆ ಕೇಳುತ್ತೇವೆ. ಆ ಪಟ್ಟಿಯಲ್ಲಿ ಅಮಿನಿ, ಕಡಮತ್ತಿನ ಮಕ್ಕಳನ್ನೂ ನೆನೆಯೋಣ. ಅಂದು ಗುಂಪಿನಲ್ಲಿ ಸುಮ್ಮನೆ ಕುಳಿತ ನಾನು ಮೊದಲು ಕೇಳುತ್ತೇನೆ.