ಠೇವಣಿ ಇಲ್ಲದ ತಡೆಯಾಜ್ಞೆ: ಕಾಯುವ ನಷ್ಟ ಗೆದ್ದವರಿಗೇ ಏಕೆ?

ಭೂಸ್ವಾಧೀನದ ಪರಿಹಾರ ಕೊಡದ ಕಚೇರಿಗೆ ಕೋರ್ಟಿನ ಅಮೀನರು ಬಂದು ಕುರ್ಚಿ, ಕಂಪ್ಯೂಟರ್, ಅಧಿಕಾರಿಯ ಜೀಪು ಜಪ್ತಿ ಮಾಡುವ ಚಿತ್ರ ನಮ್ಮ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಆಗಾಗ ಬರುತ್ತದೆ. ಓದುವವರಿಗೆ ರೈತ ಗೆದ್ದನೆಂದು ಅನಿಸುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಾಗದಪತ್ರ ಹಿಡಿದು ಚಿತ್ರದ ಮೂಲೆಯಲ್ಲಿ ನಿಂತವನಿಗೆ ಮಾತ್ರ ನಿಜ ಗೊತ್ತು. ನಾಲ್ಕು ಕುರ್ಚಿ ಹರಾಜು ಹಾಕಿದರೆ ಅವನ ಜಮೀನಿನ ದುಡ್ಡು ಹುಟ್ಟುವುದಿಲ್ಲ. ಎಷ್ಟೋ ಸಲ ಆ ಕುರ್ಚಿಗಳು ಕೋರ್ಟಿನ ಆವರಣ ಸೇರುವ ಮೊದಲೇ ಕಾಲಾವಕಾಶ ಕೋರುವ ಅರ್ಜಿಯೋ, ಮೇಲಿನ ಕೋರ್ಟಿನ ತಡೆಯಾಜ್ಞೆಯೋ ಬಂದಿರುತ್ತದೆ.

ಡಿಕ್ರಿ ಕೈಗೆ ಬಂದ ಮೇಲೆಯೇ ಭಾರತದ ಕಕ್ಷಿದಾರನ ಕಷ್ಟ ಶುರುವಾಗುತ್ತದೆ ಎಂಬರ್ಥದ ಮಾತನ್ನು ಪ್ರಿವಿ ಕೌನ್ಸಿಲ್ ಹೇಳಿದ್ದು 1872ರಲ್ಲಿ. ಅದಾಗಿ ಒಂದೂವರೆ ಶತಮಾನ ಕಳೆದಿದೆ. 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಲೆಕ್ಕದಂತೆ ದೇಶದಲ್ಲಿ 8.82 ಲಕ್ಷ ಅಮಲ್ಜಾರಿ ಅರ್ಜಿಗಳು ಬಾಕಿ ಇದ್ದವು. ಆ ಲೆಕ್ಕದಲ್ಲಿ ಕರ್ನಾಟಕದ ಅಂಕಿಗಳೇ ಇರಲಿಲ್ಲ. ನಮ್ಮ ಹೈಕೋರ್ಟಿನಿಂದ ಮಾಹಿತಿ ಬಾರದ್ದಕ್ಕೆ ಸುಪ್ರೀಂ ಕೋರ್ಟ್ ವಿವರಣೆ ಕೇಳಬೇಕಾಯಿತು. ಬಾಕಿಗೆ ಕಾರಣಗಳು ಹಲವಿವೆ. ಅವುಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಒಂದು: ಸೋತವರು ಒಂದು ರೂಪಾಯಿ ಠೇವಣಿ ಇಡದೆ, ಯಾವ ಜಾಮೀನೂ ಕೊಡದೆ ಪಡೆಯುವ ತಡೆಯಾಜ್ಞೆ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿಯೇ ಇದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೇ ಆದೇಶದ 5ನೇ ನಿಯಮದಂತೆ ಮೇಲ್ಮನವಿ ಹಾಕಿದ ಮಾತ್ರಕ್ಕೆ ಡಿಕ್ರಿ ನಿಲ್ಲುವುದಿಲ್ಲ. ತಡೆ ಬೇಕೆಂದವರು ತಮಗೆ ಗಣನೀಯ ನಷ್ಟವಾಗುತ್ತದೆಂದು ತೋರಿಸಬೇಕು, ವಿಳಂಬ ಮಾಡದೆ ಬಂದಿರಬೇಕು, ಭದ್ರತೆ ಕೊಡಬೇಕು. ಹಣ ಪಾವತಿಯ ಡಿಕ್ರಿಯಾದರೆ 1976ರ ತಿದ್ದುಪಡಿ ಇನ್ನೂ ಬಿಗಿಯಾಗಿದೆ: ಠೇವಣಿ ಅಥವಾ ಭದ್ರತೆ ಒದಗಿಸದಿದ್ದರೆ ನ್ಯಾಯಾಲಯ ತಡೆ ಕೊಡತಕ್ಕದ್ದಲ್ಲ. ಇಷ್ಟೆಲ್ಲ ಇದ್ದೂ ಮೇಲ್ಮನವಿ ಮೊದಲ ದಿನ ವಿಚಾರಣೆಗೆ ಬಂದಾಗ ‘ನೋಟಿಸ್ ಜಾರಿ, ಮುಂದಿನ ದಿನಾಂಕದವರೆಗೆ ತಡೆ’ ಎಂಬ ಒಂದೇ ಸಾಲಿನಲ್ಲಿ ಕೆಲಸ ಮುಗಿಯುವುದುಂಟು. ಆ ಮುಂದಿನ ದಿನಾಂಕ ಯಾವಾಗ ಬರುತ್ತದೆಂದು ಯಾವ ವಕೀಲರೂ ಖಚಿತವಾಗಿ ಹೇಳಲಾರರು. ಆರು ತಿಂಗಳಾದರೆ ತಡೆ ತಾನಾಗಿ ತೆರವಾಗಬೇಕೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತ್ತು. 2024ರ ಫೆಬ್ರುವರಿಯಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಿಗಿಟ್ಟಿತು. ಕಕ್ಷಿದಾರನ ತಪ್ಪಿಲ್ಲದೆ ಅವನ ತಡೆ ಬಿದ್ದುಹೋಗಬಾರದು ಎಂಬ ಆ ತೀರ್ಪಿನ ತರ್ಕ ಸರಿಯಾದದ್ದೇ. ಆದರೆ ಗಡುವೂ ಇಲ್ಲ, ಠೇವಣಿಯೂ ಇಲ್ಲ ಎಂದಾದರೆ ಗೆದ್ದವನ ಕೈಯಲ್ಲಿ ಉಳಿಯುವುದು ಮೊಹರು ಹಾಕಿದ ನಕಲು ಪ್ರತಿ ಮಾತ್ರ.

ಇದರ ಬೆಲೆ ತಿಳಿಯಲು ಒಂದು ಸಣ್ಣ ಲೆಕ್ಕ ಸಾಕು. ಸಿಮೆಂಟು, ಕಬ್ಬಿಣ ಸಾಲ ಕೊಟ್ಟ ಅಂಗಡಿಯವನಿಗೆ 10 ಲಕ್ಷ ರೂಪಾಯಿಯ ಡಿಕ್ರಿ ಆಗಿದೆ ಎಂದುಕೊಳ್ಳಿ. ಸಂಹಿತೆಯ 34ನೇ ಕಲಮಿನಡಿ ಡಿಕ್ರಿಯ ನಂತರದ ಬಡ್ಡಿ ಸಾಮಾನ್ಯವಾಗಿ ಶೇ 6 ಮೀರುವುದಿಲ್ಲ. ವಾಣಿಜ್ಯ ವ್ಯವಹಾರವಾದರೆ ಹೆಚ್ಚು ಕೊಡಬಹುದು, ಕೊಡಲೇಬೇಕೆಂದಿಲ್ಲ. ಶೇ 6ರಂತೆ ಐದು ವರ್ಷಕ್ಕೆ ಬಡ್ಡಿ 3 ಲಕ್ಷ. ಇತ್ತ ಅಂಗಡಿ ನಡೆಸಲು ಅವನು ಅದೇ 10 ಲಕ್ಷವನ್ನು ತಿಂಗಳಿಗೆ ನೂರಕ್ಕೆ ಎರಡು ರೂಪಾಯಿಯಂತೆ ಕೈಸಾಲ ತಂದಿದ್ದರೆ ಐದು ವರ್ಷಕ್ಕೆ ಕಟ್ಟಬೇಕಾದ ಬಡ್ಡಿ 12 ಲಕ್ಷ. ಮೇಲ್ಮನವಿಯಲ್ಲೂ ಅವನೇ ಗೆದ್ದ ಅಂತಿಟ್ಟುಕೊಂಡರೂ 9 ಲಕ್ಷ ಅವನ ಮೈಮೇಲೆ. ಸೋತವನಿಗೋ, ಊರಿನ ಯಾವ ಬ್ಯಾಂಕೂ ಕೊಡದಷ್ಟು ಅಗ್ಗದ ಸಾಲ ಕೋರ್ಟಿನ ಮೂಲಕ ಸಿಕ್ಕಿತು. ಹೀಗಿರುವಾಗ ಮೇಲ್ಮನವಿ ಬೇಗ ಮುಗಿಯಲಿ ಎಂದು ಅವನೇಕೆ ಬಯಸಿಯಾನು?

ಠೇವಣಿಯಿಂದ ವಿನಾಯಿತಿ ಯಾವಾಗ ಕೊಡಬಹುದು ಎಂಬ ಪ್ರಶ್ನೆಗೆ 2025ರಲ್ಲಿ ದೊಡ್ಡ ಉತ್ತರವೊಂದು ಬಂತು. ಬೆವರ್ಲಿ ಹಿಲ್ಸ್ ಪೋಲೊ ಕ್ಲಬ್ ಟ್ರೇಡ್‌ಮಾರ್ಕ್ ವ್ಯಾಜ್ಯದಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ 2025ರ ಫೆಬ್ರುವರಿಯಲ್ಲಿ ಅಮೆಜಾನ್ ಟೆಕ್ನಾಲಜೀಸ್ ವಿರುದ್ಧ ಸುಮಾರು 340 ಕೋಟಿ ರೂಪಾಯಿಯ ಡಿಕ್ರಿ ಮಾಡಿತು. ಕಂಪನಿಯ ಗೈರುಹಾಜರಿಯಲ್ಲಿ ವಿಚಾರಣೆ ನಡೆದಿತ್ತು. ದಾವೆಯಲ್ಲಿ ಕೇಳಿದ್ದು ಸುಮಾರು 2 ಕೋಟಿ. ಜುಲೈನಲ್ಲಿ ವಿಭಾಗೀಯ ಪೀಠ ಯಾವ ಠೇವಣಿಯನ್ನೂ ಕೇಳದೆ ತಡೆ ನೀಡಿತು, ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಡಿಕ್ರಿ ಮೇಲ್ನೋಟಕ್ಕೇ ವಿಪರೀತವಾಗಿದ್ದರೆ, ಎದ್ದುಕಾಣುವ ಕಾನೂನು ದೋಷಗಳಿಂದ ತುಂಬಿದ್ದರೆ, ನಿಲ್ಲುವಂಥದ್ದೇ ಅಲ್ಲದಿದ್ದರೆ, ಅಥವಾ ಅಂಥದೇ ಅಸಾಧಾರಣ ಕಾರಣವಿದ್ದರೆ ಷರತ್ತಿಲ್ಲದ ತಡೆ ಕೊಡಬಹುದು ಎಂಬುದು ನ್ಯಾಯಾಲಯ ಇಟ್ಟ ಅಳತೆ.

ಕೇಳಿದ್ದರ ನೂರು ಪಟ್ಟಿಗೂ ಹೆಚ್ಚು ಕೊಟ್ಟ ಡಿಕ್ರಿಯನ್ನು ಅನುಮಾನದಿಂದ ನೋಡಿದ್ದು ತಪ್ಪೆಂದು ನಾನು ಹೇಳಲಾರೆ. ನನ್ನ ಕಳವಳ ಆ ಅಳತೆ ಕೆಳಗಿಳಿದು ಬರುವ ದಾರಿಯ ಬಗ್ಗೆ. ಡಿಕ್ರಿ ‘ಮೇಲ್ನೋಟಕ್ಕೇ’ ತಪ್ಪು ಎಂದು ಮೊದಲ ದಿನವೇ ನ್ಯಾಯಾಧೀಶರಿಗೆ ಮನವರಿಕೆ ಮಾಡಲು ಅನುಭವಿ ಹಿರಿಯ ವಕೀಲರು ಬೇಕು, ಅವರ ಶುಲ್ಕ ಕಟ್ಟುವ ಶಕ್ತಿ ಬೇಕು. ಆ ಶಕ್ತಿ ಇರುವವರಿಗೆ ಬ್ಯಾಂಕ್ ಗ್ಯಾರಂಟಿ ಕೊಡುವುದು ಕಷ್ಟವೇ ಅಲ್ಲ. ನಿಜವಾಗಿ ವಿನಾಯಿತಿ ಬೇಕಾದವನು ಬೇರೆಯೇ ಇದ್ದಾನೆ: ಸಮನ್ಸ್ ತಲುಪದೆ ಎಕ್ಸ್‌ಪಾರ್ಟಿ ಡಿಕ್ರಿಗೆ ಸಿಕ್ಕಿ, ಠೇವಣಿ ಇಡಲು ಮನೆಯನ್ನೇ ಮಾರಬೇಕಾದವನು. ನಿಯಮ ಮೊದಲು ಕೇಳುವುದು ‘ಗಣನೀಯ ನಷ್ಟ’ವನ್ನು. ಡಿಕ್ರಿಯ ದೋಷವನ್ನಷ್ಟೇ ತೂಗಿ, ಠೇವಣಿಯಿಂದ ಯಾರ ಬದುಕು ಮುರಿಯುತ್ತದೆ ಎಂಬುದನ್ನು ತೂಗದಿದ್ದರೆ ವಿನಾಯಿತಿ ಉಳ್ಳವರ ಪಾಲಾಗುತ್ತದೆ.

ಇನ್ನು ಸರ್ಕಾರ. ಸಂಹಿತೆಯ 27ನೇ ಆದೇಶದ 8ಎ ನಿಯಮ ಸರ್ಕಾರದಿಂದ ಭದ್ರತೆ ಕೇಳುವಂತಿಲ್ಲ ಎನ್ನುತ್ತದೆ. ಬ್ರಿಟಿಷರ ಕಾಲದ ಈ ನಿಯಮ ಸ್ವತಂತ್ರ ಭಾರತದ ಪುಸ್ತಕದಲ್ಲಿ ಇನ್ನೂ ಉಳಿದಿದೆ. ಪಶ್ಚಿಮ ಬಂಗಾಳ ಸರ್ಕಾರದ ವಿರುದ್ಧ ಪ್ಯಾಮ್ ಡೆವಲಪ್‌ಮೆಂಟ್ಸ್ ಎಂಬ ಗುತ್ತಿಗೆ ಕಂಪನಿ ತಂದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನು ಹಳಸಿದ ನಿಯಮವೆಂದೇ ಕಂಡಿತು. ಮಧ್ಯಸ್ಥಿಕೆ (ಆರ್ಬಿಟ್ರೇಷನ್) ತೀರ್ಪಿನ ಹಣದ ವಿಷಯದಲ್ಲಿ ಸರ್ಕಾರಕ್ಕೆ ವಿಶೇಷ ಉಪಚಾರವಿಲ್ಲ ಎಂದಿತು. ನಿಯಮ ಅನ್ವಯಿಸುತ್ತದೆಂದೇ ಇಟ್ಟುಕೊಂಡರೂ ಅದು ವಿನಾಯಿತಿ ಕೊಡುವುದು ಭದ್ರತೆಗೆ ಮಾತ್ರ, ಹಣ ಠೇವಣಿ ಇಡಿ ಎಂದು ಆದೇಶಿಸಲು ಅಡ್ಡಿಯಿಲ್ಲ ಎಂದೂ ಹೇಳಿತು. ಜಿಲ್ಲೆಗಳ ಸರ್ಕಾರಿ ವಕೀಲರು 8ಎ ಹಿಡಿದು ನಿಂತಾಗ ಎದುರಾಳಿ ವಕೀಲರು ಈ ಕೊನೆಯ ಮಾತನ್ನು ಎತ್ತಿ ತೋರಿಸಬೇಕು.

ಸರ್ಕಾರ ದಿವಾಳಿಯಾಗುವುದಿಲ್ಲ, ಅದರಿಂದ ಜಾಮೀನೇಕೆ ಎಂಬ ವಾದವೊಂದಿದೆ. ಹಣ ಮುಳುಗುವುದಿಲ್ಲ, ಒಪ್ಪೋಣ. ಆದರೆ ರೈತನಿಗೆ ವಯಸ್ಸಾಗುತ್ತದೆ. ಈಗ ರದ್ದಾಗಿರುವ 1894ರ ಭೂಸ್ವಾಧೀನ ಕಾಯ್ದೆಯ ಹಳೆಯ ಪ್ರಕರಣಗಳಲ್ಲಿ ಕೋರ್ಟು ಹೆಚ್ಚಿಸಿದ ಪರಿಹಾರಕ್ಕೆ ಮೊದಲ ವರ್ಷ ಶೇ 9, ಆಮೇಲೆ ಶೇ 15ರಂತೆ ಬಡ್ಡಿ ಬೀಳುತ್ತದೆ. ಎಳೆದಷ್ಟೂ ಖಜಾನೆಯಿಂದಲೇ ಹೋಗುವ ಹಣ ಅದು. ಸರ್ಕಾರ ತನ್ನ ಮೇಲ್ಮನವಿಗಳ ಜೊತೆ ಜೊತೆಗೇ ಬಡ್ಡಿಯ ಲೆಕ್ಕವನ್ನೂ ಪ್ರಕಟಿಸುವಂತಿದ್ದರೆ ಎಷ್ಟು ಮೇಲ್ಮನವಿಗಳು ಉಳಿಯುತ್ತಿದ್ದವೋ!

ಬೇರೆ ಕಾನೂನುಗಳು ಈ ಗಂಟನ್ನು ಆಗಲೇ ಬಿಚ್ಚಿಕೊಂಡಿವೆ. ಅಪಘಾತ ಪರಿಹಾರದ ವಿರುದ್ಧ ಮೇಲ್ಮನವಿ ಹಾಕಬೇಕಾದರೆ 25 ಸಾವಿರ ರೂಪಾಯಿ ಅಥವಾ ಪರಿಹಾರದ ಅರ್ಧ, ಯಾವುದು ಕಡಿಮೆಯೋ ಅದನ್ನು ಕಟ್ಟಬೇಕು. ಸಣ್ಣ ಕೈಗಾರಿಕೆಗಳ ಬಾಕಿ ಪ್ರಕರಣದಲ್ಲಿ ಆದೇಶವನ್ನು ಪ್ರಶ್ನಿಸಲು ಶೇ 75 ಠೇವಣಿ ಇಡಬೇಕು. ಬಾಡಿಗೆ ಮನೆಯ ವಿಷಯದಲ್ಲಿ, ಖಾಲಿ ಮಾಡುವ ಡಿಕ್ರಿಗೆ ತಡೆ ಬೇಕಾದ ಬಾಡಿಗೆದಾರ ಹಳೆಯ ಬಾಡಿಗೆಯನ್ನೇ ಕಟ್ಟಿಕೊಂಡು ಕೂರುವಂತಿಲ್ಲ, ಡಿಕ್ರಿಯ ದಿನದಿಂದ ಸೂಕ್ತ ದರದಲ್ಲಿ ಕೊಡುವಂತೆ ಕೋರ್ಟು ಷರತ್ತು ಹಾಕಬಹುದು ಎಂದು ಆತ್ಮಾರಾಮ್ ಪ್ರಾಪರ್ಟೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎರಡು ದಶಕದ ಹಿಂದೆಯೇ ಹೇಳಿದೆ.

ಸಿವಿಲ್ ಸಂಹಿತೆಯಲ್ಲಿ ಆಗಬೇಕಾದ ಕೆಲಸ ದೊಡ್ಡದಲ್ಲ. 8ಎ ನಿಯಮವನ್ನು ತೆಗೆಯಬೇಕು. ಠೇವಣಿ ಕೇಳದೆ ತಡೆ ಕೊಡುವುದಾದರೆ ಏಕೆ ಎಂಬುದನ್ನು ಆದೇಶದಲ್ಲೇ ಬರೆಯಬೇಕು, ಆ ಮೇಲ್ಮನವಿಯನ್ನು ಅಂತಿಮ ವಿಚಾರಣೆಗೆ ದಿನ ಗೊತ್ತುಮಾಡಿಯೇ ಕಳಿಸಬೇಕು. ನಗದು ಇಲ್ಲದವರಿಂದ ಆಸ್ತಿಯ ಜಾಮೀನನ್ನೋ ಕಂತಿನ ಠೇವಣಿಯನ್ನೋ ಒಪ್ಪಬೇಕು. ಇಟ್ಟ ಹಣವನ್ನು ನಿಶ್ಚಿತ ಠೇವಣಿಯಲ್ಲಿ ಹಾಕಿ, ಒಂದು ಪಾಲನ್ನು ಗೆದ್ದವರಿಗೆ ಜಾಮೀನಿನ ಮೇಲೆ ಬಿಡುಗಡೆ ಮಾಡಬೇಕು. ಮೇಲ್ಮನವಿಯಲ್ಲಿ ತೀರ್ಪು ತಿರುಗಿದರೆ ವಾಪಸು ಪಡೆಯಲು 144ನೇ ಕಲಮು ಇದ್ದೇ ಇದೆ. ಹಾಗೆ ಬಿಡುಗಡೆಯಾದ ಹಣದಲ್ಲಿ ಪ್ಲಾಸ್ಟಿಕ್ ಚೀಲದ ಆ ರೈತ ಮಗಳ ಮದುವೆಯ ಸಾಲ ತೀರಿಸಿಕೊಳ್ಳಬಹುದು, ಇಲ್ಲವೇ ಬೇರೆ ಕಡೆ ಎರಡು ಎಕರೆ ಕೊಳ್ಳಬಹುದು, ತಾನು ಬದುಕಿರುವಾಗಲೇ.