ಸಿಗ್ನಲ್ ಇದ್ದರೆ ಸಾಕೆ?

ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದ ಮಳೆಯಾಶ್ರಿತ ಹೊಲಗಳಲ್ಲಿ ಈ ಶತಮಾನದ ಮೊದಲ ದಶಕದಲ್ಲೇ ನಿಸ್ತಂತು ಸೆನ್ಸರ್‌ಗಳನ್ನು ನೆಟ್ಟು ನೋಡಲಾಗಿತ್ತು. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸ್ವಿಟ್ಜರ್ಲೆಂಡಿನ ಲೊಸಾನ್‌ನ ತಾಂತ್ರಿಕ ಸಂಸ್ಥೆ ಜೊತೆಗೂಡಿ ನಡೆಸಿದ ಪ್ರಯೋಗವದು. ಇಂಥ ಜಾಲದಲ್ಲಿ ಪ್ರತಿ ಸೆನ್ಸರ್‌ಗೂ ಒಂದು ಪುಟ್ಟ ರೇಡಿಯೊ, ಒಂದು ಬ್ಯಾಟರಿ. ದೂರದ್ದು ತನ್ನ ಮಾಹಿತಿಯನ್ನು ನೆರೆಯ ಸೆನ್ಸರ್‌ಗೆ ಕೊಡುತ್ತದೆ, ಅದು ಮುಂದಿನದಕ್ಕೆ ದಾಟಿಸುತ್ತದೆ. ಯಾವ ನೆರೆಯನ್ನು ನಂಬಬೇಕು?

ಮೊಬೈಲಿನ ಸಿಗ್ನಲ್ ಕಡ್ಡಿ ಎಣಿಸಿ ರೂಢಿಯಾದ ನಮಗೆ ಥಟ್ಟನೆ ಹೊಳೆಯುವುದು ಸಿಗ್ನಲ್ಲಿನ ಬಲ. ಅದು ಪೂರ್ತಿ ಸುಳ್ಳಲ್ಲ. ತೀರಾ ಬಲವಾಗಿದ್ದರೆ ಸಂಪರ್ಕ ಬಹುತೇಕ ಒಳ್ಳೆಯದೇ, ತೀರಾ ಕ್ಷೀಣವಾಗಿದ್ದರೆ ಕೆಟ್ಟದ್ದೇ. ತೊಡಕಿರುವುದು ನಡುವೆ. ಜೆರ್ರಿ ಝಾವೊ ಮತ್ತು ರಮೇಶ್ ಗೋವಿಂದನ್ ಕಚೇರಿ ಕಟ್ಟಡ, ಗಿಡಮರಗಳ ಜಾಗ, ಬಯಲು ಪಾರ್ಕಿಂಗ್ ಮೂರರಲ್ಲೂ ಅಳೆದು 2003ರಲ್ಲಿ ಪ್ರಕಟಿಸಿದ ಅಧ್ಯಯನ ಇಂಥದೊಂದು ಬೂದು ವಲಯವನ್ನು ತೋರಿಸಿತು. ಅಲ್ಲಿ ಒಂದೇ ದೂರದಲ್ಲಿರುವ ಎರಡು ಸೆನ್ಸರ್‌ಗಳ ಪೈಕಿ ಒಂದರ ಸಂದೇಶ ಸಲೀಸಾಗಿ ಬರುತ್ತದೆ, ಇನ್ನೊಂದರದು ಬಂದರೆ ಬಂತು. ಜೊತೆಗೆ, ಇಂಥ ಜಾಲಗಳ ಅನೇಕ ರೇಡಿಯೊಗಳು ವೈಫೈ ಬಳಸುವ 2.4 ಗಿಗಾಹರ್ಟ್ಸ್‌ನಲ್ಲೇ ಮಾತಾಡುತ್ತವೆ. ಅಳೆದ ಬಲದಲ್ಲಿ ಪಕ್ಕದ ಗದ್ದಲವೂ ಸೇರಿರಬಹುದು.

ರೇಡಿಯೊ ಚಿಪ್ ತಾನೇ ಕೊಡುವ ಗುಣಮಟ್ಟದ ಅಂಕವೂ ಇದೆ. ಸಂಶೋಧಕರು ವರ್ಷಗಟ್ಟಲೆ ಬಳಸಿದ ಸಿಸಿ2420 ಚಿಪ್, ಪ್ಯಾಕೆಟ್ಟಿನ (ಒಂದು ಸಲಕ್ಕೆ ಕಳಿಸುವ ಸಂದೇಶದ) ಮೊದಲ ಎಂಟು ಸಂಕೇತಗಳು ಎಷ್ಟು ಸ್ಪಷ್ಟವಾಗಿದ್ದವೆಂದು ನೋಡಿ ಆ ಅಂಕ ಹಾಕುತ್ತದೆ. ಆದರೆ ಅದರ ಮುಖ್ಯ ದೋಷ ಇದು: ಅಂಕ ಸಿಗುವುದು ಬಂದು ಮುಟ್ಟಿದ ಪ್ಯಾಕೆಟ್ಟಿಗೆ ಮಾತ್ರ. ಕಳೆದುಹೋದದ್ದಕ್ಕೆ ಯಾರು ಅಂಕ ಹಾಕುತ್ತಾರೆ?

ಹಾಗಾಗಿ ಕಳಿಸಿದ್ದರಲ್ಲಿ ಎಷ್ಟು ಮುಟ್ಟಿತೆಂದು ಎಣಿಸುವುದೇ ನಿಜವಾದ ದಾರಿ ಎಂಬುದು ನನ್ನ ಎಣಿಕೆ. ಅದೂ ಎರಡೂ ದಿಕ್ಕಿನಲ್ಲಿ ಎಣಿಸಬೇಕು. ಹಿಂದಿನ ರಿಜಿಸ್ಟರ್ಡ್ ಪೋಸ್ಟಿನ ಹಾಗೆ, ಕಾಗದ ಮುಟ್ಟಿದರೂ ಸ್ವೀಕೃತಿ ವಾಪಸು ಬರದಿದ್ದರೆ ಕಳಿಸಿದವರ ಪಾಲಿಗೆ ಅದು ಮುಟ್ಟಿಲ್ಲ. ಸೆನ್ಸರ್ ಮತ್ತೆ ಕಳಿಸುತ್ತದೆ. ಎಂಐಟಿಯ ಸಂಶೋಧಕರು 2003ರಲ್ಲಿ ಮಂಡಿಸಿದ ಇಟಿಎಕ್ಸ್ ಎಂಬ ಅಳತೆ ಇದನ್ನೇ ಲೆಕ್ಕಕ್ಕಿಳಿಸಿತು: ಒಂದು ಪ್ಯಾಕೆಟ್ ದಾಟಿಸಲು ಸರಾಸರಿ ಎಷ್ಟು ಸಲ ಕಳಿಸಬೇಕು? ಹೋಗುವಾಗ ಅರ್ಧ, ಸ್ವೀಕೃತಿ ಬರುವಾಗ ಅರ್ಧ ಕಳೆದರೆ ಕಾಲು ಭಾಗವಷ್ಟೇ ಸಫಲ, ಅಂದರೆ ನಾಲ್ಕು ಸಲ. ಅದರ ಬದಲು ನಡುವೆ ಇನ್ನೊಂದು ಸೆನ್ಸರ್ ಇದ್ದು, ಪ್ರತಿ ಹೆಜ್ಜೆಯಲ್ಲೂ ಎರಡೂ ದಿಕ್ಕಿನಲ್ಲಿ ಶೇ 90 ಮುಟ್ಟಿದರೆ? ಒಂದು ಹೆಜ್ಜೆಗೆ ಸುಮಾರು 1.23, ಎರಡಕ್ಕೆ 2.47. ಸುತ್ತಿ ಹೋಗುವ ದಾರಿಯೇ ಅಗ್ಗ! ಹೆಜ್ಜೆ ಕಡಿಮೆಯಿದ್ದರೆ ಒಳ್ಳೆಯದೆಂದು ನಂಬಿದ ಹಳೆಯ ಪದ್ಧತಿಗಳು ದೂರದ, ದುರ್ಬಲ ಸಂಪರ್ಕಗಳನ್ನೇ ಹುಡುಕಿ ಹಿಡಿದು ಸೋಲುತ್ತಿದ್ದುದು ಇದರಿಂದಲೇ.

ಆದರೆ ಎಣಿಕೆಗೂ ಬೆಲೆಯಿದೆ. ಪರೀಕ್ಷೆಗೆಂದೇ ಪ್ಯಾಕೆಟ್ ಕಳಿಸುತ್ತಾ ಕೂತರೆ ಬ್ಯಾಟರಿ ಕರಗುತ್ತದೆ. (ಸಿಸಿ2420ರಲ್ಲಿ ಪೂರ್ಣ ಬಲದಿಂದ ಹೇಳುವುದಕ್ಕೆ 17.4 ಮಿಲಿಆಂಪಿಯರ್, ಕೇಳುವುದಕ್ಕೆ 18.8, ಸುಮ್ಮನೆ ಕಿವಿಗೊಟ್ಟಿರುವುದೂ ಅಗ್ಗವಲ್ಲ.) ಕೆಲವನ್ನಷ್ಟೇ ಎಣಿಸಿದರೆ ಅಂದಾಜು ಒರಟು, ಬಹಳ ಹೊತ್ತು ಎಣಿಸಿದರೆ ಅಷ್ಟರಲ್ಲಿ ಯಾರೋ ಬಾಗಿಲು ಮುಚ್ಚಿ, ಪರಿಸ್ಥಿತಿಯೇ ಬದಲಾಗಿರುತ್ತದೆ. ಹಳೆಯ ಅಂದಾಜಿಗೆ ಒಂಬತ್ತು ಪಾಲು, ಹೊಸ ಎಣಿಕೆಗೆ ಒಂದು ಪಾಲು ಎಂಬಂತೆ ತೂಕ ಹಂಚಿ ಕ್ರಮೇಣ ಮರೆಯುತ್ತಾ ಹೋಗುವುದು ರೂಢಿಯ ಉಪಾಯ. ಎಷ್ಟು ಬೇಗ ಮರೆಯಬೇಕೆಂಬುದಕ್ಕೆ ಎಲ್ಲೆಡೆ ಸಲ್ಲುವ ಉತ್ತರವಿಲ್ಲ.

2007ರಲ್ಲಿ ಬಂದ 'ನಾಲ್ಕು ಬಿಟ್' ವಿಧಾನ ನನಗೆ ಹಿಡಿಸುವುದು ಅದರ ಜಿಪುಣತನಕ್ಕೆ. ಹೇಗೂ ಕಳಿಸಬೇಕಾದ ಮಾಹಿತಿಗೆ ಸ್ವೀಕೃತಿ ಬಂತೇ ಇಲ್ಲವೇ ಎಂಬುದನ್ನೇ ಅದು ಪುಕ್ಕಟೆ ಎಣಿಕೆಯಾಗಿ ಬಳಸುತ್ತದೆ. ಚಿಪ್ಪಿನ ಅಂಕವನ್ನು ಮೊದಲ ಸುಳಿವಾಗಿ ಮಾತ್ರ ಇಟ್ಟುಕೊಳ್ಳುತ್ತದೆ. ಬಳಸದ ದಾರಿಗಳ ಬಗ್ಗೆ ಈ ಪುಕ್ಕಟೆ ಲೆಕ್ಕ ಏನೂ ಹೇಳಲಾರದು. ಅವುಗಳಿಗಾಗಿ ಆಗೊಮ್ಮೆ ಈಗೊಮ್ಮೆ ಪರೀಕ್ಷಾ ಸಂದೇಶ ಕಳಿಸಲೇಬೇಕು, ಬ್ಯಾಟರಿಯ ಖರ್ಚಿನಲ್ಲಿ.